ಬಲಗಡೆಯ ಹೂವು

ಎಡಗಡೆಯ ಹೂವು ಬೀಳಲಿಲ್ಲ. ಬಿದ್ದದ್ದು ಬಲಗಡೆಯದು — ಅದೂ ನಾನು ಕೇಳಬೇಕಾದ್ದನ್ನು ಮನಸ್ಸಿನಲ್ಲಿ ಕೇಳಿ ಮುಗಿಸುವುದಕ್ಕೂ ಮುಂಚೆ. ಎಡಗಡೆಯದು ಬಿತ್ತು ಎಂದು ಹೇಳಿದವನು ನಾನು. ನಾಲ್ಕು ವರ್ಷಗಳ ಹಿಂದೆ, ನಮ್ಮೂರ ಅಮ್ಮನ ಗುಡಿಯ ಹೊರಗೆ, ಬೇವಿನ ಮರದ ನೆರಳಿನಲ್ಲಿ ನಿಂತು, ಫೋನಿನಲ್ಲಿ, ನನ್ನ ಗೆಳೆಯ ಓಬಳೇಶನಿಗೆ ಹೇಳಿದೆ. ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ. ಹಿಂದಕ್ಕೆ ತೆಗೆದುಕೊಳ್ಳಲು ನಾಲ್ಕು ವರ್ಷ ಹಿಡಿಯಿತು — ತೆಗೆದುಕೊಂಡೆನೋ ಇಲ್ಲವೋ, ಅದು ಇನ್ನೂ ಗೊತ್ತಿಲ್ಲ.

ನಮ್ಮ ಕಡೆಯವರಲ್ಲದವರಿಗೆ ಹೂವಿನ ವಿಷಯ ಹೇಳಬೇಕು. ಕೊಂಡ್ಲಹಳ್ಳಿಯಿಂದ ಒಂದಷ್ಟು ಒಳಗೆ ಹೋದರೆ ಸಿಗುವ ನಮ್ಮೂರಿನಲ್ಲಿ ದೂರ ಪ್ರಯಾಣ ಹೊರಡುವವರು, ಬೋರು ಕೊರೆಸುವವರು, ಹೆಣ್ಣು ಕೊಡುವವರು ಮೊದಲು ಅಮ್ಮನಿಗೆ ಹೂ ಕೇಳುತ್ತಾರೆ. ಪೂಜಾರಿ ಅಮ್ಮನ ಎರಡು ಭುಜಗಳ ಮೇಲೂ ಒದ್ದೆ ಹೂವು ಅಂಟಿಸುತ್ತಾನೆ. ನಾವು ಕೈಮುಗಿದು, ಮನಸ್ಸಿನಲ್ಲಿ ಕೇಳಿಕೊಂಡು, ಕಾಯಬೇಕು. ಬಲಗಡೆಯದು ಬಿದ್ದರೆ ಆಗಲಿ ಎಂದರ್ಥ. ಎಡಗಡೆಯದು ಬಿದ್ದರೆ ಬೇಡ. ಯಾಕೆ ಬೇಡ ಎಂದು ಕೇಳುವಂತಿಲ್ಲ. ಬರಲಾಗದವರ ಪರವಾಗಿ ಅದೇ ಊರಿನ ಇನ್ನೊಬ್ಬರು ಕೇಳಬಹುದು. ಹಾಗೆ ಕೇಳಿ ಬಂದವರ ಮಾತನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ಅಮ್ಮನ ಹೆಸರಿನಲ್ಲಿ ಸುಳ್ಳು ಹೇಳುವಷ್ಟು ಧೈರ್ಯ ಯಾರಿಗಿರುತ್ತದೆ? ನನಗಿತ್ತು. ಧೈರ್ಯವಲ್ಲ — ಹೆದರಿಕೆ. ಅದು ಧೈರ್ಯಕ್ಕಿಂತ ಹೆಚ್ಚಿನ ಕೆಲಸಗಳನ್ನು ಮಾಡಿಸುತ್ತದೆ.

ನಾನು ತಿಪ್ಪೇಸ್ವಾಮಿ. ಚಳ್ಳಕೆರೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು ಇಪ್ಪತ್ತೇಳು ವರ್ಷ. ಹೆದರುವ ಸ್ವಭಾವದವನು ಮಾಡಬಾರದ ವ್ಯಾಪಾರ ಅದು. ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ತೆಳು ಕಾಗದವನ್ನು ಜನ ಬಿಸಾಡುತ್ತಾರೆ, ನಾನು ಓದುತ್ತೇನೆ. ‘ಅಪರೂಪಕ್ಕೆ ಕೆಲವರಲ್ಲಿ’ ಎಂದು ಅದರಲ್ಲಿ ಬರೆದಿರುತ್ತಾರಲ್ಲ, ಆ ಕೆಲವರು ಯಾವಾಗಲೂ ನಾನೇ. ಬಸ್ಸಿನಲ್ಲಿ ತುರ್ತು ಬಾಗಿಲು ಎಲ್ಲಿದೆ ಎಂದು ನೋಡದೆ ಕೂತವನಲ್ಲ. ಮಲಗುವ ಮುಂಚೆ ಗ್ಯಾಸು ಆರಿಸಿದೆಯಾ ಎಂದು ಮೂರು ಸಲ ನೋಡಿ, ಮೂರನೇ ಸಲ ನೋಡುವಾಗ ಕೈ ತಾಗಿ ತೆರೆದುಕೊಂಡಿತೇನೋ ಎಂದು ನಾಲ್ಕನೇ ಸಲ ಎದ್ದವನು. “ಹೆದರೋಕೆ ಏನೂ ಸಿಗ್ಲಿಲ್ಲ ಅಂದ್ರೆ ನೀವು ಅದಕ್ಕೂ ಹೆದರ್ತೀರಿ ಕಣ್ರಿ” ಎಂದು ನನ್ನ ಹೆಂಡತಿ ಗಿರಿಜಾ ಅನ್ನುತ್ತಾಳೆ. ಸರಿಯಾಗಿಯೇ ಅನ್ನುತ್ತಾಳೆ.

ಓಬಳೇಶ ಇದಕ್ಕೆ ಪೂರ್ತಿ ತದ್ವಿರುದ್ಧ. ಇಬ್ಬರೂ ಒಂದೇ ಊರಿನವರು, ಒಂದೇ ಬೆಂಚಿನಲ್ಲಿ ಕೂತವರು. ಏಳನೇ ಕ್ಲಾಸು ಮುಗಿದ ಮೇಲೆ ಅವನು ಮೊಳಕಾಲ್ಮುರಿನ ಸೋದರಮಾವನ ಮನೆಗೆ ಮಗ್ಗ ಕಲಿಯಲು ಹೋದ. ಈಗ ಅಲ್ಲಿ ಅವನಷ್ಟು ಚೆಂದ ರೇಷ್ಮೆ ಸೀರೆಯ ಅಂಚು ಕೂರಿಸುವವರು ಕಡಿಮೆ. ಬಂಡೆ ಹತ್ತುವುದು, ಹಾವು ಹೊಕ್ಕ ಮನೆಗೆ ಮೊದಲು ನುಗ್ಗುವುದು, ಬೇಸಿಗೆ ಬಂತೆಂದರೆ ಊರಾಚೆಯ ಬಾವಿಗೆ ಮೇಲಿಂದ ಧುಮುಕುವುದು — ಎಲ್ಲ ಅವನೇ. ಕೇರಿಯ ಅರ್ಧ ಮಂದಿ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಈಜು ಕಲಿತದ್ದು ಅವನ ಹತ್ತಿರ. ನನಗೂ ಕಲಿಸಲು ನೋಡಿದ. ನಾನು ಬಾವಿಯ ಮೂರನೇ ಮೆಟ್ಟಿಲಿಗೇ ನಿಂತೆ. ಆಗ ಅವನು ನೀರಿನೊಳಗಿಂದ ತಲೆ ಎತ್ತಿ ಕೇಳಿದ ಮಾತು ನಮ್ಮಿಬ್ಬರ ನಡುವೆ ಹಾಗೇ ಉಳಿದುಬಿಟ್ಟಿತ್ತು. ಗಡಿಯೂರಿನವನಾದ್ದರಿಂದ ಅವನ ಬಾಯಲ್ಲಿ ಕನ್ನಡಕ್ಕೆ ತೆಲುಗು ಅಂಟಿಕೊಂಡೇ ಇರುತ್ತದೆ. “ಏಮ್ರಾ ತಿಪ್ಪೇಶಿ, ಭಯಮಾ?” ಅನ್ನುತ್ತಿದ್ದ. ನಾನು ಏನು ಮಾಡಲು ಹಿಂದೆಗೆದರೂ ಅದೇ — ಭಯಮಾ? ಎದುರಿಗಿದ್ದವರೆಲ್ಲ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆ ನಗುವಿನ ಕೆಳಗೆ ಒಂದು ಮುಳ್ಳು ಇತ್ತೇನೋ. ಇತ್ತು.

ಇನ್ನು ಹಡಗಿನ ವಿಷಯ. ಒಂದು ಟಾನಿಕ್ ಕಂಪನಿಯವರು ಆ ವರ್ಷ ತಮ್ಮ ಸರಕನ್ನು ಚೆನ್ನಾಗಿ ಮಾರಿದ ಅಂಗಡಿಗಳಿಗೆ ಬಹುಮಾನ ಇಟ್ಟಿದ್ದರು. ನಾನು ಮಾರಿದ್ದೆ. ಬಹುಮಾನ ಮಿಕ್ಸಿಯೋ ಗೋಡೆ ಗಡಿಯಾರವೋ ಇರಬೇಕೆಂದುಕೊಂಡಿದ್ದರೆ, ಮುಂಬೈಯಿಂದ ಹೊರಟು ಮೂರು ರಾತ್ರಿ ಸಮುದ್ರದ ಮೇಲಿದ್ದು ವಾಪಸ್ಸು ಬರುವ ದೊಡ್ಡ ಹಡಗಿನಲ್ಲಿ ಇಬ್ಬರಿಗೆ ಪ್ರಯಾಣ ಎಂದು ಕಾಗದ ಬಂತು. ಗಿರಿಜಾಗೆ ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲೇ ವಾಂತಿ, ಕೈ ಮುಗಿದುಬಿಟ್ಟಳು. ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿ ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಓಬಳೇಶ ಅಂಗಡಿಗೆ ಬಂದ, ಏನದು ಎಂದು ಡ್ರಾಯರಿನಿಂದ ಕಾಗದ ಹೊರಗೆಳೆದ. ಓದಿದ. ನಾವಿಬ್ಬರೂ ಹೋಗೋಣ ಎಂದ.

ಅವನಿಗೆ ಸಮುದ್ರ ನೋಡುವ ಆಸೆ ಮೋಜಿನದಲ್ಲ. ಅವನು ನೇಯುವ ನೂಲಿನಲ್ಲಿ ಒಂದು ನೀಲಿ ಇದೆ. ನೂಲಂಗಡಿಯವರು ಅದನ್ನು ಸಮುದ್ರ ನೀಲಿ ಅನ್ನುತ್ತಾರೆ, ಸೀರೆ ಕೊಳ್ಳುವವರೂ ಹಾಗೇ ಕೇಳುತ್ತಾರೆ. ಮೂವತ್ತು ವರ್ಷದಿಂದ ಆ ಬಣ್ಣ ಅವನ ಕೈಯಲ್ಲಿ ಹರಿದಿದೆ. ಸಮುದ್ರವನ್ನು ಅವನು ಒಂದು ದಿನವೂ ನೋಡಿಲ್ಲ. “ಕಾಣದ್ದನ್ನ ಹೆಸರು ಹೇಳಿ ಮಾರ್ತಾ ಇದೀನಲ್ಲೋ, ಅದು ಸುಳ್ಳಲ್ವಾ?” ಎಂದು ಅವತ್ತು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಕೇಳಿದ. ಅಷ್ಟು ಸಣ್ಣ ಸುಳ್ಳೂ ಅವನಿಗೆ ಚುಚ್ಚುತ್ತಿತ್ತು. ಅಂಥವನಿಗೆ ನಾನು —

ಮುಂದಿನ ಎರಡು ತಿಂಗಳು ಅವನು ದಿನಾ ಫೋನು ಮಾಡಿದ. ಹಡಗಿನಾಗೆ ಕಕ್ಕಸು ಐತಂತಾ, ಅದು ಎಲ್ಲಿಗೆ ಹೋಗ್ತೈತೆ, ನಾವು ಅಲ್ಲೇ ಸ್ನಾನ ಮಾಡಿದ್ರೆ ಮೀನಿಗೆ ಸೋಪು ಹತ್ತಲ್ವಾ ಎಂದು ಕೇಳಿ ಕೇಳಿ ನಗುತ್ತಿದ್ದ. ನಾನು ಆ ಎರಡು ತಿಂಗಳು ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಮುಳುಗಿದ ಹಡಗುಗಳ ಸುದ್ದಿ ಓದುತ್ತಿದ್ದೆ. ನಿಂತಲ್ಲೇ ವಾಲಿದ ಹಡಗು, ಬೆಂಕಿ ಬಿದ್ದ ಹಡಗು. ಬರುವುದಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಅವನು ಕೇಳುವ ಆ ಒಂದು ಪ್ರಶ್ನೆ ನನಗೆ ಗೊತ್ತಿತ್ತು. ಐವತ್ತನೇ ವಯಸ್ಸಿನಲ್ಲಿ ಇನ್ನೊಂದು ಸಲ ಬಾವಿಯ ಮೂರನೇ ಮೆಟ್ಟಿಲ ಮೇಲೆ ನಿಲ್ಲಲು ಮನಸ್ಸು ಒಪ್ಪಲಿಲ್ಲ. ಆಗ ಅಮ್ಮನ ನೆನಪಾಯಿತು. ಹೂ ಕೇಳೋಣ ಎಂದೆ. ಬೇಡ ಎಂದು ಅವಳೇ ಹೇಳಿಬಿಟ್ಟರೆ ನಾನು ಹೇಳಬೇಕಾಗಿರಲಿಲ್ಲ. ಓಬಳೇಶ ತಕ್ಷಣ ಒಪ್ಪಿದ. ಮದುವೆಯ ಸೀರೆಯೊಂದು ಮಗ್ಗದ ಮೇಲಿತ್ತು, ಅವನಿಗೆ ಏಳುವಂತಿರಲಿಲ್ಲ. ಇಬ್ಬರ ಪರವಾಗಿ ನೀನೇ ಕೇಳಿ ಬಾ ಎಂದ.

ಮುದುಕ ಪೂಜಾರಿ ಬೋರಜ್ಜ ಹೂವು ಅಂಟಿಸಿದ. ನಾನು ಕಣ್ಣು ಮುಚ್ಚಲಿಲ್ಲ. ಎಡಗಡೆಯ ಹೂವನ್ನೇ ನೋಡುತ್ತಾ ನಿಂತೆ. ಕಣ್ಣಿನಿಂದ ಎಳೆದು ಬೀಳಿಸುವವನ ಹಾಗೆ ನೋಡಿದೆ. ಬಲಗಡೆಯದು ಜಾರಿ ಅಮ್ಮನ ಮಡಿಲಿಗೆ ಬಿತ್ತು. “ಬಲ ಕೊಟ್ಲಪ್ಪ. ಇಬ್ರೂ ಚೆನ್ನಾಗಿ ಹೋಗಿ ಬರ್ರಿ” ಎಂದು ಬೋರಜ್ಜ ಕುಂಕುಮ ಕೊಟ್ಟ.

ಹೊರಗೆ ಬಂದು ಫೋನು ಮಾಡಿದೆ. ಅವನ ಕಡೆಯಿಂದ ಮಗ್ಗದ ಸದ್ದು ಕೇಳುತ್ತಿತ್ತು. ಏನಂದ್ಳಲೇ ಅಮ್ಮ ಎಂದು ಕೇಳಿದ. ಎಡಕ್ಕೆ ಬಿತ್ತು ಎಂದೆ. ಮಗ್ಗದ ಸದ್ದು ನಿಂತಿತು.

“ಯಾರ ಹೆಸರಾಗೆ ಕೇಳ್ದೆ?”

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಇಬ್ಬರ ಹೆಸರಲ್ಲೂ ಎಂದುಬಿಟ್ಟಿದ್ದರೆ ಅಲ್ಲಿಗೇ ಹಡಗಿನ ಕಥೆ ಮುಗಿಯುತ್ತಿತ್ತು, ಈ ಬರಹವೂ ಇರುತ್ತಿರಲಿಲ್ಲ. ಆದರೆ ಬಾಯಿ ಬರಲಿಲ್ಲ. ಹತ್ತು ಮಾರು ದೂರದಲ್ಲಿ ಅಮ್ಮ ಕೂತಿದ್ದಾಳೆ, ಬಾಗಿಲು ತೆರೆದಿದೆ. ತಿಪ್ಪೇಸ್ವಾಮಿಗೆ ಎಡ ಬಿತ್ತು ಎಂದು ನನ್ನ ಬಾಯಿಂದಲೇ ಹೇಳಿ, ಅವಳು ಅದನ್ನು ಕೇಳಿಸಿಕೊಂಡು, ಆಗಲಿ ಬಿಡು ಅಂದುಬಿಟ್ಟರೆ? ಸುಳ್ಳಾಗಿಯಾದರೂ ನನ್ನ ತಲೆಯ ಮೇಲೆ ಆ ಮಾತನ್ನು ಹಾಕಿಕೊಳ್ಳಲು ಹೆದರಿದೆ. ಹೆದರಿ, ಅದನ್ನು —

“ನಿನ್ನ ಹೆಸರಾಗೆ” ಎಂದೆ.

“ನಿಂದು?”

“ನಂದು... ಬಲಕ್ಕೆ ಬಿತ್ತು.”

ನಾನು ಮಾಡಿದ ತಪ್ಪು ಯಾವುದು ಎಂದು ಕೇಳಿದರೆ, ಹಡಗು ತಪ್ಪಿಸಲು ಸುಳ್ಳು ಹೇಳಿದ್ದಲ್ಲ. ಇದು. ನನ್ನ ಮೇಲೆ ಹಾಕಿಕೊಳ್ಳಲು ಅಂಜಿದ್ದನ್ನು ಅವನ ಮೇಲೆ ಹಾಕಿದ್ದು. ಅವನು ಮತ್ತೆ ಮಗ್ಗ ಆಡಿಸಿದ. ಆಮೇಲೆ ನಕ್ಕ. ಹೋಗ್ಲಿ ಬಿಡು, ನಿನಗಾದ್ರೂ ಕೊಟ್ಟಳಲ್ಲ ಎಂದ. “ನೀನು ಹೋಗಿ ಬಾರಲೇ. ನನ್ನ ಪಾಲಿಂದೂ ನೀನೇ ನೋಡ್ಕೊಂಡು ಬಾ. ಆ ಬಣ್ಣ ಮಾತ್ರ ಮರೀಬ್ಯಾಡ.”

ಹೀಗೆ ನಾನು ನನ್ನ ಬಲೆಯಲ್ಲೇ ಬಿದ್ದೆ. ಅಮ್ಮ ಬಲ ಕೊಟ್ಟ ಮೇಲೂ ಹೋಗದಿದ್ದರೆ ಅದು ಅಮ್ಮನಿಗೆ ಅವಮಾನ. ಹಾಗೆಂದು ಗಿರಿಜಾ ಅಂದಳು, ಪಕ್ಕದ ಬೇಕರಿಯವನೂ ಅಂದ, ಓಬಳೇಶನಂತೂ ಎರಡು ಸಲ ಅಂದ. ಸಮುದ್ರಕ್ಕೆ ಅತಿ ಹೆಚ್ಚು ಹೆದರುವ ಚಳ್ಳಕೆರೆಯ ಗಂಡಸು, ಸಮುದ್ರಕ್ಕೆ ಎಂದೂ ಹೆದರದವನನ್ನು ಮನೆಯಲ್ಲಿ ಕೂರಿಸಿ, ತಾನೊಬ್ಬನೇ ಹಡಗು ಹತ್ತಿದ.

ಒಂಟಿಯಾಗಿ. ಕಿಟಕಿಯಿಲ್ಲದ ಕೋಣೆ, ಎರಡು ಹಾಸಿಗೆ. ಕೋಣೆ ನೋಡಿಕೊಳ್ಳುವ ಮನುಷ್ಯ ಎರಡೂ ಹಾಸಿಗೆಯ ಮೇಲೆ ಟವಲಿನಲ್ಲಿ ಆನೆ ಮಾಡಿಟ್ಟಿದ್ದ. ದೋಸ್ತ್ ಬರಲಿಲ್ಲ ಎಂದು ನನಗೆ ಬರುವ ಸಂತೆಯ ಉರ್ದುವಿನಲ್ಲಿ ಹೇಳಿದೆ. ಅವನು ತಲೆದೂಗಿ, ಮರುದಿನವೂ ಎರಡು ಆನೆ ಮಾಡಿದ. ಊಟದ ಮೇಜಿನಲ್ಲಿ ಎದುರಿನ ಕುರ್ಚಿಯ ಮುಂದೆಯೂ ತಟ್ಟೆ ಇಟ್ಟರು. ನನಗೆ ಎಲ್ಲಿ ನೋಡಿದರೂ ಓಬಳೇಶನ ಜಾಗ ಕಾಣುತ್ತಿತ್ತು, ಓಬಳೇಶ ಮಾತ್ರ ಇಲ್ಲ.

ಹೊರಡುವ ದಿನ ಸಂಜೆ ಹಡಗಿನ ಕೂಗು ಕೇಳಿಸಿತು. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ. ಮುಳುಗಿತು ಎಂದೇ ಅಂದುಕೊಂಡೆ. ಇನ್ನೂ ದಡದಲ್ಲೇ ಇದ್ದೆವು ಎಂಬುದು ಆಮೇಲೆ ಗೊತ್ತಾಯಿತು. ಅಪಾಯ ಬಂದರೆ ಏನು ಮಾಡಬೇಕೆಂದು ಕಲಿಸುವ ಪಾಠವಂತೆ ಅದು. ಕಪಾಟಿನಲ್ಲಿದ್ದ ತೇಲುವ ಅಂಗಿ ತೊಟ್ಟು ಎಲ್ಲರೂ ಒಂದು ಸಭಾಂಗಣದಲ್ಲಿ ಸೇರಬೇಕು. ಕಪಾಟಿನಲ್ಲಿ ಎರಡು ಅಂಗಿ ಇದ್ದವು. ಬಕಲನ್ನು ತಪ್ಪು ಕಡೆ ಸಿಕ್ಕಿಸಿಕೊಂಡೇ ಹೋದೆ. ಅಲ್ಲಿ ಒಬ್ಬ ಹೆಂಗಸು ಪಟ್ಟಿ ಹಿಡಿದು ಕೋಣೆವಾರು ಹೆಸರು ಕರೆಯುತ್ತಿದ್ದಳು. ನನ್ನ ಹೆಸರು ಕರೆದಳು. ಆಮೇಲೆ ಅವನದು ಕರೆದಳು. ಅವನು ಬರುವುದಿಲ್ಲವೆಂದು ಕಂಪನಿಯವರಿಗೆ ತಿಳಿಸಿದ್ದೆ. ಪಟ್ಟಿಯಲ್ಲಿ ಮಾತ್ರ ಹೆಸರು ಹಾಗೇ ಉಳಿದಿತ್ತು. ಓಬ್ಲೇಶ್, ಓಬ್ಲೇಶ್ ಎಂದು ಎರಡು ಸಲ. ನೂರಾರು ಜನ ಕಿತ್ತಳೆ ಬಣ್ಣದ ಅಂಗಿಯಲ್ಲಿ ಕೂತು ತಿರುಗಿ ನೋಡಿದರು. ನಾನು ಕೈ ಎತ್ತಿ ಇಲ್ಲ ಎಂದು ಆಡಿಸಿದೆ. ಯಾಕೆ ಬಂದಿಲ್ಲ ಎಂದು ಅವಳೇನೂ ಕೇಳಲಿಲ್ಲ; ಪೆನ್ನಿನಿಂದ ಗೆರೆ ಎಳೆದಳು ಅಷ್ಟೇ. ಆದರೆ ಆ ಗೆರೆ ಅವನ ಹೆಸರಿನ ಮೇಲೆ ಹಾದುಹೋದದ್ದನ್ನು ಕಂಡಾಗ ನನ್ನ ಬೆನ್ನಿನಲ್ಲಿ ಎದ್ದ ಚಳಿ — ಅದಕ್ಕೆ ನನ್ನ ಅಂಗಡಿಯಲ್ಲಿ ಮಾತ್ರೆಯಿಲ್ಲ.

ಅಲ್ಲಿಂದ ಮೂರು ದಿನ ನಾನು ಹೆದರಿದ್ದು ನೀರಿಗಲ್ಲ. ಈ ಮಾತು ನನ್ನೊಳಗೇ ಇದ್ದು ನಾನು ಮುಳುಗಿಬಿಟ್ಟರೆ ಎಂದು ಹೆದರಿದೆ. ಆಗ ಓಬಳೇಶ ಬದುಕಿರುವಷ್ಟು ದಿನ ಎಡಗಡೆಯ ಹೂವು ತನ್ನನ್ನು ಉಳಿಸಿತು ಎಂದು ನಂಬುತ್ತಾನೆ. ವರ್ಷಕ್ಕೊಂದು ಸಲ ಬಂದು ಅಮ್ಮನಿಗೆ ಕಾಯಿ ಒಡೆಸುತ್ತಾನೆ. ಹಡಗು ಸ್ವಲ್ಪ ತೂಗಿದರೂ ಸಾಕು, ಬಂತು ಎಂದು ಹಾಸಿಗೆಯ ಅಂಚು ಹಿಡಿಯುತ್ತಿದ್ದೆ. ಊಟಕ್ಕೆ ಹೋಗುವಾಗ ಕಿಟಕಿಗಳಿದ್ದ ಹಾದಿ ಬಿಟ್ಟು, ಅಡುಗೆಮನೆಯ ಪಕ್ಕದ ಹಾದಿ ಹಿಡಿಯುತ್ತಿದ್ದೆ. ಜನ ಮೇಲೆ ಹೋಗಿ ಫೋಟೊ ತೆಗೆಸಿಕೊಂಡರು. ನಾನು ಹೋಗಲಿಲ್ಲ. ಕೊನೆಯ ದಿನ ಇಳಿಯುವಾಗಲೂ ಹಲಗೆಯ ಮೇಲೆ ನನ್ನ ಕಾಲನ್ನೇ ನೋಡಿಕೊಂಡು ಇಳಿದೆ. ಮೂರು ರಾತ್ರಿ, ನಾಲ್ಕು ಹಗಲು ಸಮುದ್ರದ ಮೇಲಿದ್ದು ಬಂದ ನಾನು ಸಮುದ್ರವನ್ನು ನೋಡಲೇ ಇಲ್ಲ.

ಊರಿಗೆ ಬಂದ ಮೂರನೇ ದಿನ ಮೊಳಕಾಲ್ಮುರಿಗೆ ಹೋದೆ. ಓಬಳೇಶ ಮಗ್ಗದ ಕೆಳಗೆ ಕಾಲು ಇಳಿಬಿಡುವ ಗುಣಿಯಿಂದ ಎದ್ದು ಬಂದವನೇ ನೀಲಿ ನೂಲಿನ ಲಡಿಯೊಂದನ್ನು ಬೆಳಕಿಗೆ ಹಿಡಿದ. ಇದೇನಾ ಎಂದು ಕೇಳಿದ.

“ಇದೇ ಕಣಲೇ. ಒಂಚೂರೂ ಬ್ಯಾರೆ ಇಲ್ಲ” ಎಂದೆ.

ಎಷ್ಟು ಹಗುರಾಯಿತು ಅವನ ಮುಖ! ಅವತ್ತಿನಿಂದ ಸೀರೆ ನೋಡಲು ಬಂದವರಿಗೆಲ್ಲ ಹೇಳತೊಡಗಿದ — ಇದು ಅಸಲು ಸಮುದ್ರದ ಬಣ್ಣ, ನನ್ನ ಗೆಳೆಯ ಕಣ್ಣಾರೆ ನೋಡಿ ಬಂದವ್ನೆ ಎಂದು. ನಾನು ಎದುರಿಗಿದ್ದಾಗಲೂ ಹೇಳುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ.

ಅವನು ಬದಲಾದದ್ದು ನನಗೆ ಕೂಡಲೇ ಗೊತ್ತಾಗಲಿಲ್ಲ. ಆ ಬೇಸಿಗೆ ಬಾವಿಗೆ ಇಳಿಯಲಿಲ್ಲವಂತೆ. ಕೇಳಿದವರಿಗೆ, ನನಗೆ ನೀರಿನ ಗಂಡಾಂತರ ಐತೆ ಎಂದನಂತೆ. ಯಾವ ಜೋಯಿಸರೂ ಹೇಳಿದ್ದಲ್ಲ. ಸಮುದ್ರಕ್ಕೆ ಹೋಗಲು ಅಮ್ಮ ಬೇಡವೆಂದದ್ದಕ್ಕೆ ಅವನು ತಾನೇ ಕಂಡುಕೊಂಡ ಅರ್ಥ. ಮಳೆ ಬಂದು ಹಳ್ಳ ಹರಿದರೆ ಬಸ್ಸು ಹತ್ತುತ್ತಿರಲಿಲ್ಲ. ಆಮೇಲೆ ನನ್ನ ಅಂಗಡಿಗೆ ಬಂದಾಗ, ಈ ಮಾತ್ರೆ ತಗಂಡ್ರೆ ಬ್ಯಾರೆ ಏನೂ ಆಗಲ್ವಾ ಎಂದು ಕೇಳತೊಡಗಿದ. ಒಂದು ದಿನ ಡಬ್ಬಿಯೊಳಗಿನ ತೆಳು ಕಾಗದವನ್ನು ಬಿಡಿಸಿ ಓದುತ್ತಾ ಕೂತಿದ್ದ. ನನಗೆ ಕನ್ನಡಿ ನೋಡಿದಂತಾಯಿತು. ನನಗೆ ಗೊತ್ತಿದ್ದ ಒಬ್ಬನೇ ಒಬ್ಬ ಧೈರ್ಯದ ಮನುಷ್ಯನನ್ನು ನಾನು ನನ್ನಂತೆ ಮಾಡಿಬಿಟ್ಟಿದ್ದೆ. ನಗು ಬರುವ ಸಂಗತಿಯೆಂದರೆ, ಹಡಗಿನಿಂದ ಬಂದ ಮೇಲೆ ನಾನು ಬಸ್ಸಿನಲ್ಲಿ ನಿದ್ದೆ ಮಾಡುತ್ತಿದ್ದೆ. ನೋಡಬೇಕಾದ ಕೆಟ್ಟದ್ದೆಲ್ಲ ನೋಡಿಯಾಯಿತು ಎಂಬಂತೆ. ತಿಪ್ಪೇಸ್ವಾಮಿಗೆ ಧೈರ್ಯ ಬಂತು ಎಂದು ಗಿರಿಜಾ ತವರಿನವರಿಗೆಲ್ಲ ಹೇಳಿದಳು. ನನಗೆ ಉಳಿದದ್ದು ಒಂದೇ ಹೆದರಿಕೆ: ಅವನಿಗೆ ಗೊತ್ತಾಗುವುದು. ಮರುವರ್ಷ ಬೋರಜ್ಜ ತೀರಿಕೊಂಡ ಸುದ್ದಿ ಬಂದಾಗ, ಬಲ ಬಿದ್ದದ್ದನ್ನು ಕಂಡ ಇನ್ನೊಂದು ಜೊತೆ ಕಣ್ಣು ಮುಚ್ಚಿತು ಎಂದು ಸಮಾಧಾನವಾಯಿತು. ಮಣ್ಣಿಗೂ ಹೋಗಿ ಬಂದೆ. ಆ ಸಮಾಧಾನ ಇಟ್ಟುಕೊಂಡೇ ಹೋಗಿ ಬಂದೆ.

ಇಷ್ಟೇ ಆಗಿದ್ದರೆ ಬಹುಶಃ ಬಾಯಿ ಬಿಡದೆ ಸತ್ತುಹೋಗುತ್ತಿದ್ದೆ. ಓಬಳೇಶನಿಗೆ ಒಬ್ಬಳೇ ಮಗಳು, ಭಾಗ್ಯ. ಹಡಗಿನ ಮರುವರ್ಷ ಅವಳನ್ನು ಕೊಟ್ಟದ್ದು ಅಂಕೋಲೆಯಲ್ಲಿ ಮೇಷ್ಟ್ರಾಗಿರುವ ಹುಡುಗನಿಗೆ. ಮದುವೆ ಇಲ್ಲೇ ಆಯಿತು. ಅವರ ಮನೆಯಿಂದ ಸಮುದ್ರದ ಸದ್ದು ಕೇಳುತ್ತದಂತೆ. ಚೊಚ್ಚಲ ಬಾಣಂತನ ಮೊಳಕಾಲ್ಮುರಿನಲ್ಲಿ ಮುಗಿದು, ತಾಯಿ ಮಗುವನ್ನು ತೊಟ್ಟಿಲ ಸಮೇತ ಗಂಡನ ಮನೆಗೆ ಬಿಟ್ಟು ಬರುವಾಗ ಓಬಳೇಶ ಹೋಗಲಿಲ್ಲ, ಭಾಮೈದನನ್ನು ಕಳಿಸಿದ. ಬೀಗರು ಬೇಸರ ಮಾಡಿಕೊಂಡರು.

ಮಾರನೇ ವರ್ಷ ಅವಳಿಗೆ ಡೆಂಗಿ ಜ್ವರ ಬಂತು. ತಾಯಿ ಲಕ್ಷ್ಮಕ್ಕ ಅಂದೇ ಹೊರಟುಹೋದಳು. ಓಬಳೇಶ ದಿನಕ್ಕೆ ಮೂರು ಸಲ ನನಗೆ ಫೋನು ಮಾಡಿ, ಆಸ್ಪತ್ರೆಯವರು ಹೇಳಿದ ಪ್ಲೇಟ್ಲೆಟ್ ಲೆಕ್ಕ ಹೇಳಿ, ಇದು ಒಳ್ಳೇದಾ ಕೆಟ್ಟದ್ದಾ ಎಂದು ಕೇಳುತ್ತಿದ್ದ. ನಾಲ್ಕನೇ ದಿನ ಬೆಳಿಗ್ಗೆ ಬ್ಯಾಗು ಹಿಡಿದು ಚಳ್ಳಕೆರೆಗೇ ಬಂದ. ನನ್ನ ಸ್ಟೂಲಿನ ಮೇಲೆ ಕೂತ. ಮಗಳು ಫೋನಿನಲ್ಲಿ ಅಪ್ಪ ಬಾ ಎಂದಿದ್ದಳಂತೆ. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು.

“ಹೋಗ್ಲಾ ತಿಪ್ಪೇಶಿ? ಅಮ್ಮ ಬ್ಯಾಡ ಅಂದವ್ಳೆ. ನಾನು ಮಾತು ಮೀರಿ ಹೋಗಿ, ನನ್ನ ಮೇಲಿರೋದು ಆ ಕೂಸಿನ ಮೇಲೆ ಬಿದ್ರೆ?”

ಅವನ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಮೂರು ಪದ ಸಾಕಾಗಿತ್ತು: ಬಿದ್ದದ್ದು ಬಲಗಡೆಯ ಹೂವು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು — ಜ್ವರ ಇಳಿಯುತ್ತಿದೆ, ಲೆಕ್ಕ ಏರುತ್ತಿದೆ, ಲಕ್ಷ್ಮಕ್ಕ ಇದ್ದಾರಲ್ಲ, ನೀನು ಹೋಗದಿದ್ದರೂ ನಡೆಯುತ್ತದೆ ಎಂದೆ. ಔಷಧಿ ಅಂಗಡಿಯವನ ಗಂಭೀರ ದನಿಯಲ್ಲಿ ಹೇಳಿದೆ. ಅವನು ತಲೆಯಾಡಿಸಿ, ಬ್ಯಾಗು ಎತ್ತಿಕೊಂಡು, ಮೊಳಕಾಲ್ಮುರಿನ ಬಸ್ಸು ಹತ್ತಿ ವಾಪಸ್ಸು ಹೋದ. ಭಾಗ್ಯ ಹುಷಾರಾದಳು. ಆದರೆ ಅಪ್ಪನಿಗೆ ಫೋನು ಮಾಡುವುದನ್ನು ಬಿಟ್ಟಳು.

ಈ ವರ್ಷ ಅವಳಿಗೆ ಎರಡನೆಯದು. ಪ್ರಯಾಣ ಮಾಡುವಂತಿಲ್ಲ, ಹೆರಿಗೆ ಅಲ್ಲೇ ಎಂದು ಡಾಕ್ಟರು ಹೇಳಿದರು. ಅವಳು ತಾಯಿಯ ಕೈಲಿ ಒಂದೇ ಮಾತು ಹೇಳಿ ಕಳಿಸಿದಳು: ಈ ಸಲವೂ ಅಪ್ಪ ಬರದಿದ್ದರೆ ಇನ್ನು ತವರಿಗೆ ನಾನು ಕಾಲಿಡುವುದಿಲ್ಲ. ಜ್ಯೇಷ್ಠ ಮುಗಿಯುತ್ತಾ ಬಂದಿತ್ತು. ಓಬಳೇಶ ನನಗೆ ಫೋನು ಮಾಡಿದ. ದನಿ ಸೋತಿತ್ತು.

“ಇನ್ನೊಂದು ಸಲ ಹೂ ಕೇಳಿ ಬಾರಲೇ. ನಾನು ಹೋಗಿ ಕೇಳಾಕೆ ಹೆದರಿಕೆ ಆಗ್ತೈತೆ. ನೀನೇ ಕೇಳು.”

ಹೆದರಿಕೆ ಎಂಬ ಪದ ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಎಷ್ಟು ಸುಲಭವಾಗಿತ್ತು ನೋಡಿ. ಗುಡಿಯ ಕಡೆ ಹೋಗುವುದೂ ಬೇಕಿರಲಿಲ್ಲ. ಸಂಜೆ ಫೋನು ಮಾಡಿ, ಬಲ ಕೊಟ್ಟಳು, ಹೋಗು ಎಂದಿದ್ದರೆ ಸಾಕು. ಅವನು ಹೋಗುತ್ತಿದ್ದ, ಮಗಳು ನಗುತ್ತಿದ್ದಳು, ನಾನು ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ. ಹಾಗೇ ಮಾಡುವುದೆಂದು ನಿಶ್ಚಯಿಸಿಯೇ ಗಾಡಿ ಹತ್ತಿದ್ದೆ. ಕನಿಷ್ಠ ನಿಜವಾಗಿ ಕೇಳಿಯಾದರೂ ಹೇಳೋಣ ಎಂದು ಗುಡಿಗೆ ಹೋದೆ. ಬೋರಜ್ಜನ ಮಗ ಹೂವು ಅಂಟಿಸಿ ಪಕ್ಕಕ್ಕೆ ಸರಿದ. ನಾನು ಕೈ ಮುಗಿದೆ. ಎರಡೂ ಹೂವು ಒದ್ದೆಯಾಗಿ ಹೊಳೆಯುತ್ತಾ ಕೂತಿದ್ದವು. ಆಗ ಹೊಳೆಯಿತು — ಈಗ ಎಡಗಡೆಯದು ಬಿದ್ದರೆ? ಅದನ್ನೂ ತಿರುಗಿಸಿ ಹೇಳಬೇಕು. ಬಲಗಡೆಯದು ಬಿದ್ದರೂ ಅವನು ಅದನ್ನು ನನ್ನ ಬಾಯಿಂದಲೇ ನಂಬಬೇಕು. ಎಂಥ ಬಾಯಿ! ಯಾವ ಹೂವೂ ಬೀಳುವ ಮುಂಚೆ ನಾನು ಹೊರಗೆ ಬಂದೆ. ಕೇಳಲಿಲ್ಲ ಏನ್ರಣ್ಣ ಎಂದು ಬೋರಜ್ಜನ ಮಗ ಹಿಂದಿನಿಂದ ಅಂದ. ಗಾಡಿಯನ್ನು ಮೊಳಕಾಲ್ಮುರಿನ ಕಡೆಗೆ ತಿರುಗಿಸಿದೆ. ದಾರಿಯುದ್ದಕ್ಕೂ, ಎದುರಿಗೆ ಲಾರಿ ಬಂದಾಗಲೆಲ್ಲ, ಈಗಲೇ ಗುದ್ದಿಬಿಟ್ಟರೆ ಹೇಳುವುದು ತಪ್ಪುತ್ತದಲ್ಲ ಎನಿಸುತ್ತಿತ್ತು. ಅಷ್ಟು ಹೆದರಿದ್ದೆ.

ಓಬಳೇಶ ಗುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಹಾಸಿನ ಎಳೆಗಳು ಅದೇ ನೀಲಿ. ಲಾಳಿ ಅತ್ತಿಂದಿತ್ತ ಓಡುತ್ತಿತ್ತು. ನಾನು ಕೂರಲಿಲ್ಲ.

“ಅವತ್ತು ಬಿದ್ದದ್ದು ಬಲಗಡೆಯ ಹೂವು ಕಣೋ. ಇಬ್ಬರ ಹೆಸರಲ್ಲೂ ಕೇಳಿದ್ದೆ. ನಿನಗೆ ಎಡ ಬಿತ್ತು ಅಂತ ನಾನೇ ಸುಳ್ಳು ಹೇಳ್ದೆ.”

ಲಾಳಿ ಇನ್ನೂ ಎರಡು ಸಲ ಓಡಿ ನಿಂತಿತು. ಯಾಕೆ ಎಂದು ಕೇಳಿದ. ನನ್ನ ಕಡೆ ನೋಡಲಿಲ್ಲ.

“ಹಡಗಿಗೆ ಹೆದರಿದ್ದೆ.”

“ಹೆದರಿದ್ರೆ ನಿನ್ನ ಹೆಸರಾಗೆ ಹೇಳ್ಬೇಕಿತ್ತು.”

“ಅದಕ್ಕೂ ಹೆದರಿದೆ.”

ಒಳಗಿಂದ ಮಜ್ಜಿಗೆ ಲೋಟ ಹಿಡಿದು ಬಂದ ಲಕ್ಷ್ಮಕ್ಕ ಬಾಗಿಲಲ್ಲೇ ನಿಂತುಬಿಟ್ಟಿದ್ದಳು. ಓಬಳೇಶ ನೂಲಿನ ಮೇಲೆ ಅಂಗೈ ಇಟ್ಟ. ಭಯಮಾ ಎಂದು ಕೇಳುತ್ತಾನೇನೋ ಎಂದು ಕಾದೆ, ಕೇಳಿದ್ದರೆ ಬದುಕಿಕೊಳ್ಳುತ್ತಿದ್ದೆ. ಕೇಳಲಿಲ್ಲ.

“ಭಾಗ್ಯ ಆಸ್ಪತ್ರೆಯಾಗೆ ಇದ್ದಾಗ” ಎಂದ. “ನಿನ್ನ ಅಂಗಡಿಗೆ ಬಂದಿದ್ದೆನಲ್ಲೋ.”

ಅಷ್ಟೇ. ಅವನು ಗುಣಿಯಿಂದ ಎದ್ದು, ನನ್ನನ್ನು ಬಳಸಿಕೊಂಡು ಹೋಗಿ, ಹೆಂಡತಿಗೆ ಬಟ್ಟೆ ತುಂಬು, ಇವತ್ತೇ ಹೋಗೋಣ ಎಂದ. ಲಕ್ಷ್ಮಕ್ಕ ಮಜ್ಜಿಗೆ ಲೋಟವನ್ನು ಒಳಗೆ ತೆಗೆದುಕೊಂಡು ಹೋದಳು.

ಆಷಾಢದ ಮಳೆಯಲ್ಲಿ ಅಂಕೋಲೆಯಲ್ಲಿ ಭಾಗ್ಯಳಿಗೆ ಗಂಡು ಮಗುವಾಯಿತು. ಇದು ನನಗೆ ಗಿರಿಜಾಳ ಮೂಲಕ ಗೊತ್ತಾದದ್ದು; ಲಕ್ಷ್ಮಕ್ಕ ಅವಳ ಹತ್ತಿರ ಮಾತಾಡುತ್ತಾಳೆ. ಹೆರಿಗೆಯಾದ ದಿನ ಓಬಳೇಶ ಮಗಳ ಮಂಚದ ಪಕ್ಕದಲ್ಲಿ ಒಂದು ಗಂಟೆ ಕೂತಿದ್ದನಂತೆ. ಆಮೇಲೆ ಅವಳೇ ಮಗುವನ್ನು ಅವನ ತೊಡೆಯ ಮೇಲೆ ಹಾಕಿದಳಂತೆ. ಒಂದೂವರೆ ತಿಂಗಳು ಅಲ್ಲೇ ಇದ್ದ. ನನಗೆ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ. ಮಾಡುವ ಹಕ್ಕು ಇರಲಿಲ್ಲ ಎಂದರೆ ದೊಡ್ಡ ಮಾತಾಗುತ್ತದೆ. ಹೆದರಿದೆ ಎನ್ನುವುದೇ ಸರಿ.

ಹೋದ ವಾರ ಮೊಳಕಾಲ್ಮುರಿನಿಂದ ಬರುವ ಬಸ್ಸಿನ ಕಂಡಕ್ಟರು ಅಂಗಡಿಗೆ ಬಂದು ಒಂದು ಕಾಗದದ ಪೊಟ್ಟಣ ಕೊಟ್ಟು ಹೋದರು. ಓಬಳೇಶಣ್ಣ ಕೊಟ್ಟರು ಎಂದರು. ಒಳಗೆ ಪತ್ರವಿರಲಿಲ್ಲ. ರೇಷ್ಮೆ ನೂಲಿನ ಒಂದು ಲಡಿ ಇತ್ತು, ಹೊಸದಾಗಿ ಬಣ್ಣ ಹಾಕಿಸಿದ್ದು. ನೀಲಿಯಲ್ಲ. ಒಲೆಯ ಬೂದಿಗೆ ಕೆಸರು ಕಲೆಸಿದಂಥ ಬಣ್ಣ, ಒಂದು ಕಡೆಯಿಂದ ನೋಡಿದರೆ ತುಸು ಪಾಚಿ ಹಸಿರು. ನಾನು ಅದನ್ನು ಬಾಗಿಲ ಬೆಳಕಿಗೆ ಹಿಡಿದೆ, ಅವನು ಅವತ್ತು ಹಿಡಿದಿದ್ದ ಹಾಗೆ. ಆಗ ಅರ್ಥವಾಯಿತು. ಒಂದೂವರೆ ತಿಂಗಳು ಅವನು ಮಳೆಗಾಲದ ಸಮುದ್ರವನ್ನು ನೋಡಿದ್ದಾನೆ.

ಬೇಸಿಗೆಯಲ್ಲಿ ಬೇರೆ ಬಣ್ಣವಿರುತ್ತದೆ, ನಡುಸಮುದ್ರದಲ್ಲಿ ನೀಲಿಯೇ ಇರುತ್ತದೆ ಎಂದು ಯಾರಾದರೂ ನನ್ನ ಪರವಾಗಿ ಹೇಳಬಹುದು. ಇರಬಹುದು. ನನಗೆ ಗೊತ್ತಿಲ್ಲ, ನಾನು ನೋಡಿಲ್ಲ. ಮಗ್ಗದ ಪಕ್ಕದಲ್ಲಿ ನಿಂತು ಒಂದು ಸುಳ್ಳನ್ನು ಒಪ್ಪಿಕೊಂಡವನು ಎರಡನೆಯದನ್ನು ಹಾಗೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದೆ. ಮರೆತು ಅಲ್ಲ. ಹೂವಿನ ಸುಳ್ಳು ದೊಡ್ಡದು, ಹೇಳಿದರೆ ಅಳಬಹುದು, ತಲೆ ತಗ್ಗಿಸಬಹುದು. ಮೂರು ದಿನ ಟವಲಿನ ಆನೆಗಳ ಜೊತೆ ಕೂತು, ಅವನು ಜೀವಮಾನವೆಲ್ಲ ಕೇಳಿದ್ದ ಒಂದೇ ಒಂದನ್ನು ಕತ್ತೆತ್ತಿ ನೋಡದೆ ಬಂದೆ ಎಂದು ಹೇಗೆ ಹೇಳುವುದು?

ಲಡಿ ಅಂಗಡಿಯ ಮೇಜಿನ ಮೇಲೆ ನನ್ನೆದುರಿಗೇ ಇದೆ. ಒಳಗಿಡಲು ಮನಸ್ಸಾಗಿಲ್ಲ. ಅದು ಕ್ಷಮೆಯಲ್ಲ ಎಂದು ಗೊತ್ತಿದೆ. ಅದೊಂದು ಪ್ರಶ್ನೆ, ಅವನು ಈ ಸಲವೂ ನನ್ನ ಬಾಯಿಂದಲೇ ಉತ್ತರ ಕೇಳುತ್ತಿದ್ದಾನೆ.

ನಾಳೆ ಅಂಗಡಿ ತೆರೆಯುವುದಿಲ್ಲ. ಮೊದಲ ಬಸ್ಸಿಗೆ ಮೊಳಕಾಲ್ಮುರಿಗೆ ಹೋಗುತ್ತೇನೆ. ನಾನು ಸಮುದ್ರ ನೋಡಲಿಲ್ಲ ಓಬಳೇಶ — ಇಷ್ಟು ಹೇಳಬೇಕು. ಮಜ್ಜಿಗೆ ಕೊಡದಿದ್ದರೂ, ಕೂರು ಅನ್ನದಿದ್ದರೂ, ಹೇಳಿ ಬರಬೇಕು.